ನಾಣ್ಯದ ದಪ್ಪ

ಭಾನುವಾರ, ಬೀದಿಯ ಷಟರ್‌ಗಳು ಏಳುವ ಮೊದಲು
ಗೋಣಿಚೀಲ ಹಾಸಿ ಗಾಡಿಯ ಎಡಕ್ಕೆ ಕೂರುತ್ತೇನೆ.
ಹತ್ತರ ಸ್ಪ್ಯಾನರು, ಹದಿನಾಲ್ಕರದ್ದು, ಇಕ್ಕಳ,
ಹೊಲಿಗೆ ಮಷೀನಿನ ಎಣ್ಣೆಡಬ್ಬಿ.

ಉಳಿದ ಆರು ದಿನ ಈ ದಾವಣಗೆರೆಯಲ್ಲಿ
ನಾನು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು.
ಪಿಗ್ಮಿ ಕಲೆಕ್ಷನ್ ಅಂದರೆ ಅಷ್ಟೇ:
ಮಂಡಿಪೇಟೆಯಲ್ಲಿ ಇಪ್ಪತ್ತು ಮಾರಿಗೊಂದು ಅಂಗಡಿ,
ಅಂಗಡಿಗೊಂದು ಕ್ಲಚ್ಚು, ಒಂದು ಬ್ರೇಕು,
ಹತ್ತು ರೂಪಾಯಿ, ಐವತ್ತು, "ನಾಳೆ ಬಾರಮ್ಮ."
ದಿನಕ್ಕೆ ಒಂಬತ್ತು ಕಿಲೋಮೀಟರು,
ನೂರಾ ನಲವತ್ತು ನಿಲುಗಡೆ.

ಗಾಡಿ ಸೆಕೆಂಡ್ ಹ್ಯಾಂಡು. ಹರಿಹರದ ಯಾರೋ
ಉದ್ದ ಬೆರಳಿನ ಗಂಡಸಿನದು.
ಮೊದಲ ವರ್ಷ ನನಗೇನು ಗೊತ್ತು,
ಬಿಗಿದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ
ಜಡೆಯ ಹಾಗೆ, ಲೆಕ್ಕದ ಹಾಗೆ.
ಏರು ಬಂದರೆ ಎಂಜಿನ್ ಕೂಗುತ್ತಿತ್ತು,
ಚಕ್ರ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.
ಹೊಂಡದ ಸರ್ಕಲ್ ದಾಟುವಷ್ಟರಲ್ಲಿ ಸುಟ್ಟ ವಾಸನೆ.

ಚಮನ್‌ಸಾಬರು ಲಿವರಿನ ಬುಡಕ್ಕೆ
ಒಂದು ರೂಪಾಯಿ ನಾಣ್ಯ ಹಿಡಿದು ನೋಡಿದರು.
ಹೋಗಲಿಲ್ಲ.
"ಇದು ಆಡ್ಬೇಕ್ರಿ ಹಾಲಮ್ಮ,
ನಾಣ್ಯದ ದಪ್ಪ ಆಡಿ ಆಮೇಲೆ ಎಳೀಬೇಕು.
ಆಡಾಕೆ ಜಾಗ ಇಲ್ದಿದ್ರೆ ಒಳಗೊಳಗೇ ಸುಟ್ಕೊಳ್ತೈತೆ."
"ಹೆಚ್ಚು ಆಡಿದರೆ?"
"ಹೆಚ್ಚು ಆಡಿದ್ರೆ ನಮ್ಮ ಭಾವನ ಥರ,
ಬರೀ ಮಾತು. ಗೇರು ಬೀಳಲ್ಲ."

ಈಗ ಬೆರಳಿಗೇ ಗೊತ್ತು.
ಲಾಕ್‌ನಟ್ಟು ಸಡಿಲಿಸು, ಅಡ್ಜಸ್ಟರು ಅರ್ಧ ಸುತ್ತು,
ನಾಣ್ಯ ಇಡು, ತೆಗೆ, ಮತ್ತೆ ಬಿಗಿ.
ಹಿಂದಿನ ಬ್ರೇಕಿನ ನಟ್ಟು ಕಟ್, ಕಟ್, ಎರಡು ಸಲ;
ಚಕ್ರ ತಿರುಗಿಸಿದರೆ ಲೈನಿಂಗು
ಮಂಡಕ್ಕಿ ಜರಡಿ ಹಿಡಿದ ಸದ್ದಿನಲ್ಲಿ ತಾಗುತ್ತದೆ.
ಅಷ್ಟು ಬೇಡ, ಒಂದು ಕಟ್ ಹಿಂದಕ್ಕೆ.
ಪೆಡಲು ಒತ್ತಿದೊಡನೆ ಹಿಂದಿನ ಗೋಡೆ ಕೆಂಪಾಗಬೇಕು.
ಕೇಬಲ್ಲಿನ ಬಾಯಿಗೆ ಹಳೇ ರಸೀದಿ ಸುತ್ತಿ ಎಣ್ಣೆ ಬಿಟ್ಟು,
ಕೆಳಗಿನ ತುದಿಯಲ್ಲಿ ಕಪ್ಪಗೆ ಒಂದು ಹನಿ ಮೂಡುವ ತನಕ ಕಾಯುತ್ತೇನೆ.
ಒಳಗೆ ಹಾಲು ಉಕ್ಕಿರುತ್ತದೆ. ಉಕ್ಕಲಿ.

ಮೊನ್ನೆ ಗುರುವಾರ ಅವರ ಶೆಡ್ಡಿಗೆ ಹೋದಾಗ
ಯಾರದೋ ಗಾಡಿಯ ಮುಂದೆ ಕೂತಿದ್ದರು,
ಹೊಸ ಕೇಬಲ್ಲು ಕೈಯಲ್ಲಿ.
ಜೋಳದ ಕಾಳಿನಷ್ಟು ನಿಪ್ಪಲ್ಲು
ಲಿವರಿನ ತೂತಿನ ಸುತ್ತ ಸುತ್ತುತ್ತಿತ್ತು,
ದಾರಿ ಕೇಳುವ ಹೊಸಬನ ಹಾಗೆ.
ಟೀ ತರಲು ಹೋದ ಹುಡುಗ ಬಂದಿರಲಿಲ್ಲ.
ಗಾಡಿಯವನು ಫೋನಿನಲ್ಲಿ ಮುಳುಗಿದ್ದ.

ಬ್ಯಾಗು ಕೆಳಗಿಟ್ಟೆ.
ಅವರು ಸ್ಟೂಲಿನ ಮೇಲೆ ಒಂದಿಷ್ಟು ಸರಿದರು.
ನಿಪ್ಪಲ್ಲು ಕೂರಿಸಿದೆ, ನಟ್ಟು ಬಿಗಿದೆ.
ಪರೀಕ್ಷೆಗೆಂದು ಜೇಬಿನಿಂದ ನಾಣ್ಯ ತೆಗೆದರು.
ನಾಣ್ಯ ನಡುಗಿತು.
ಕಂಡಿ ನಡುಗಲಿಲ್ಲ.

ಆ ಗಾಡಿ ಹೋದಮೇಲೆ, ಎಲ್ಲೋ ನೋಡುತ್ತಾ,
"ನಂದೂ ಒಂಚೂರು ನೋಡ್ರಿ" ಅಂದರು.
ಮೂಲೆಯಲ್ಲಿ ಅವರ ಮೊಪೆಡ್ಡು.
ಮುಂದಿನ ಬ್ರೇಕು ಎಷ್ಟು ಚುರುಕೆಂದರೆ
ಕೈ ಅದುರಿದರೂ ಹಿಡಿಯುತ್ತಿತ್ತು.
ಮೂವತ್ತು ವರ್ಷದ ಹಿಂದಿನ ಕೈಗೆ ಅದು ಸರಿಯೇ.

ಅವರು ಕಲಿಸಿದ ಲೆಕ್ಕ ಮೀರಿ
ಎರಡು ನಾಣ್ಯದಷ್ಟು ಬಿಟ್ಟೆ.
ನಡುಕ ಅಲ್ಲಿ ಆಡಿಕೊಳ್ಳಲಿ,
ಬೇಕೆಂದು ಒತ್ತಿದಾಗ ಮಾತ್ರ ಚಕ್ರಕ್ಕೆ ತಿಳಿಯಲಿ.
ಒತ್ತಿ ನೋಡಿದರು. ಬಿಟ್ಟರು. ಮತ್ತೊಮ್ಮೆ ಒತ್ತಿದರು.
"ಜಾಸ್ತಿ ಆತಲ್ಲ?" ಅಂದರು.
ನಾನು ಮಷೀನು ತೆಗೆದು, "ಇವತ್ತು ಎಷ್ಟು ಬರೀಲಿ?" ಅಂದೆ.

ಇಪ್ಪತ್ತು.

ಮುಂದಿನ ಅಂಗಡಿ ಈರುಳ್ಳಿಯವನದು.
ಪಾಸ್‌ಬುಕ್ಕು ಚಾಚಿದವನು ಹಿಂದಕ್ಕೆಳೆದುಕೊಂಡ:
"ಏನಮ್ಮಾ, ಕೈಯೆಲ್ಲ ಗ್ರೀಸು!
ಒರೆಸ್ಕೊಂಡು ಮುಟ್ಟು."